ಸೀಟಿಯಕ್ಕನೂ ಬೇಕರಿಯ ಮೂಲೆಯೂ

ಸಮುದ್ರದ ಅಂಚಿನಲ್ಲೇ ಸಾಗುವ ಆ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬರುವವರಿಗೆ, ಮೇಲಿನ ತಿರುವಿನಿಂದ ಊರು ಒಂದೇ ನೋಟಕ್ಕೆ ಕಾಣುತ್ತದೆ. ನಲವತ್ತು ಹೆಂಚಿನ ಮನೆ, ಒಂದೇ ಒಂದು ಬೀದಿ, ಬೀದಿಯ ಕೊನೆಗೆ ಕಲ್ಲಿನ ದಕ್ಕೆ, ದಕ್ಕೆಗೆ ಕಟ್ಟಿದ ಬಣ್ಣಬಣ್ಣದ ದೋಣಿಗಳು. ನೋಡಿದವರಿಗೆ ಸುಮ್ಮನೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ. ‘ಎಷ್ಟು ಮುದ್ದಾಗಿದೆ, ಇಳಿದು ನೋಡೋಣ’ ಎಂದು ಸ್ಟೇರಿಂಗ್ ತಿರುಗಿಸಿಯೇ ಬಿಡುತ್ತಾರೆ. ಇಳಿಯುವುದೇನೋ ಸುಲಭ. ಈ ಊರಲ್ಲಿ ಗಾಡಿ ತಿರುಗಿಸಲು ಅಂಗೈಯಗಲ ಜಾಗವೂ ಇಲ್ಲ ಎಂಬುದು ದಕ್ಕೆ ಮುಟ್ಟಿದ ಮೇಲೆಯೇ ಗೊತ್ತಾಗುವುದು. ಬಂದ ಮುನ್ನೂರು ಹೆಜ್ಜೆ ದಾರಿಯನ್ನು ಹಿಂದಕ್ಕೆ ಹಿಂದಕ್ಕೇ ಏರಬೇಕು.

ಹಾಗೆ ಬಂದು ಸಿಕ್ಕಿಬಿದ್ದವರನ್ನು ಮೇಲಕ್ಕೆ ದಾಟಿಸುತ್ತಿದ್ದವಳು ಸೀಟಿಯಕ್ಕ.

ಇಪ್ಪತ್ತೆಂಟು ವರ್ಷ ಅವಳು ಬಸ್ಸಿನಲ್ಲಿ ಕಂಡಕ್ಟರಾಗಿದ್ದಳು. ಮದುವೆ ಎರಡು ಸಲ ಗೊತ್ತಾಗಿತ್ತು, ಎರಡು ಸಲವೂ ಅವಳೇ ಸೀಟಿ ಊದಿ ನಿಲ್ಲಿಸಿದಳು ಎಂದು ಊರವರು ತಮಾಷೆ ಮಾಡುತ್ತಾರೆ. ಸ್ಟೇರಿಂಗನ್ನು ಒಂದು ದಿನವೂ ಮುಟ್ಟಿದವಳಲ್ಲ. ಆದರೆ ಬಸ್ಸಿನ ಬೆನ್ನು ಎಲ್ಲಿ ಮುಗಿಯುತ್ತದೆ, ಬಾಲ ಎಷ್ಟು ಬೀಸುತ್ತದೆ, ಮೂತಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದೆಲ್ಲ ಅವಳಿಗೆ ತನ್ನ ಮೊಣಕೈಯಷ್ಟೇ ಗೊತ್ತು. ನಿವೃತ್ತಿಯಾಗಿ ನಾಲ್ಕು ದಿನ ಮನೆಯಲ್ಲಿ ಕೂತಳು. ಐದನೆಯ ದಿನ ಒಂದು ಕಾರು ಕ್ಷೌರಿಕನ ಮೆಟ್ಟಿಲಿಗೆ ತಾಗಿ ನಿಂತು ಗೋಳಾಡುತ್ತಿದ್ದಾಗ ಹಳೆಯ ಸೀಟಿ ಹುಡುಕಿಕೊಂಡು ಹೊರಬಿದ್ದಳು. ಎರಡು ಚಿಕ್ಕ ಊದು, ಅಂದರೆ ಬಾ. ಒಂದು ಉದ್ದದ ಊದು, ಅಂದರೆ ನಿಲ್ಲು. ಅಂದಿನಿಂದ ಆರು ವರ್ಷ ಆ ಬೀದಿಯಲ್ಲಿ ಅವಳ ಸೀಟಿ ಕೇಳದ ದಿನವೇ ಇರಲಿಲ್ಲ. ಬಂದವರು ಕೈ ಮುಗಿದರೆ, ‘ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲ, ಹೋಗಿ’ ಎಂದು ಗದರಿ ಕಳಿಸುತ್ತಿದ್ದಳು. ಗದರಿಸಿಕೊಂಡವರು ಮುಂದಿನ ವರ್ಷ ನೆಂಟರನ್ನೂ ಕಟ್ಟಿಕೊಂಡು ಬರುತ್ತಿದ್ದರು.

ಅವಳಿದ್ದದ್ದು ತಮ್ಮನ ಬೇಕರಿಯ ಮಹಡಿಯ ಕೋಣೆಯಲ್ಲಿ. ಬೇಕರಿ ಊರಿನ ಮೂಲೆಯಲ್ಲಿದೆ ಎಂದರೆ ಸಾಲದು, ಊರಿನ ಮೂಲೆಯೇ ಬೇಕರಿ. ಹೆದ್ದಾರಿಯಿಂದ ಬೀದಿ ನೆಟ್ಟಗೆ ಸಮುದ್ರದತ್ತ ಇಳಿದು, ಬೇಕರಿಯ ಹತ್ತಿರ ಥಟ್ಟನೆ ಹೊರಳಿ, ಆಮೇಲೆ ದಡದುದ್ದಕ್ಕೂ ದಕ್ಕೆಯವರೆಗೆ ಹೋಗುತ್ತದೆ. ಆ ಹೊರಳುವ ಜಾಗದಲ್ಲಿ ಗುಡ್ಡದ ಕಡೆಗೆ ಬೇಕರಿಯ ಮೂಲೆ, ಸಮುದ್ರದ ಕಡೆಗೆ ಒಂದು ಗೇಣೆತ್ತರದ ಕಟ್ಟೆ, ಕಟ್ಟೆಯಾಚೆ ಕೆಳಗೆ ನೀರು. ಮೂಲೆಯ ಗೋಡೆಯ ಒಳಗಿರುವುದೇ ಬ್ರೆಡ್ಡಿನ ಒಲೆ. ಅದನ್ನು ಅವರಪ್ಪ ತನ್ನ ಕೈಯಾರೆ ಕಟ್ಟಿದ್ದು. ಒಲೆಯ ಬೆನ್ನೂ ಬೀದಿಯ ಗೋಡೆಯೂ ಒಂದೇ ಆದ್ದರಿಂದ, ಆ ಮೂಲೆಗೆ ಬೆನ್ನು ತಾಗಿಸಿ ನಿಂತರೆ ಅಂಗಿಯೊಳಗೆ ಬೆಚ್ಚಗಾಗುತ್ತದೆ.

ಈ ಊರವರಿಗೆ ಇನ್ನೊಂದು ಅಭ್ಯಾಸ. ಅವರ ಬಾಯಲ್ಲಿ ಎಡ ಬಲ ಬರುವುದೇ ಇಲ್ಲ. ಎಲ್ಲಕ್ಕೂ ‘ಸಮುದ್ರದ ಕಡೆ’, ‘ಗುಡ್ಡದ ಕಡೆ’. ತಟ್ಟೆಯಲ್ಲಿ ಉಪ್ಪು ಬಡಿಸುವಾಗಲೂ ‘ಸ್ವಲ್ಪ ಸಮುದ್ರಕ್ಕೆ ಹಾಕು’ ಎನ್ನುವ ಜನ. ಸೀಟಿಯಕ್ಕನೂ ಹಾಗೆಯೇ ಕೂಗುತ್ತಿದ್ದಳು: ‘ಸಮುದ್ರಕ್ಕೆ ತಗೊ, ಇನ್ನೂ ತಗೊ, ಈಗ ಗುಡ್ಡಕ್ಕೆ.’ ಬಂದವರು ಮೊದಲು ಕಣ್ಣು ಬಿಡುತ್ತಿದ್ದರು, ಕಟ್ಟೆಯಾಚೆ ನೀರು ಕಣ್ಣೆದುರೇ ಇದ್ದುದರಿಂದ ಬೇಗ ಕಲಿಯುತ್ತಿದ್ದರು.

ಎಡವಟ್ಟಾದದ್ದು ಕಳೆದ ವರ್ಷ. ಕಟ್ಟೆಯ ಮೇಲೆ ಆ ದಿನ ಬಲೆಗಳನ್ನು ಆಳೆತ್ತರಕ್ಕೆ ಒಣಹಾಕಿದ್ದರು. ಒಂದು ವ್ಯಾನು ಹಿಂದಕ್ಕೆ ಬರುತ್ತಿತ್ತು. ಬೇಕರಿಯ ಹತ್ತಿರ ಅವಳು ‘ಸಮುದ್ರಕ್ಕೆ’ ಎಂದಳು. ವ್ಯಾನಿನವನು ಒಂದು ಕಡೆ ನೋಡಿದರೆ ಗೋಡೆ, ಇನ್ನೊಂದು ಕಡೆ ಬಲೆ. ಗಾಬರಿಯಲ್ಲಿ ಗುಡ್ಡಕ್ಕೆ ಎಳೆದುಬಿಟ್ಟ. ಮೂಲೆ ಬಿರಿಯಿತು, ಒಲೆಯ ಒಳಗೆ ಎರಡು ಸಾಲು ಇಟ್ಟಿಗೆ ಉದುರಿದವು. ಹನ್ನೆರಡು ದಿನ ಊರಿಗೆ ಬ್ರೆಡ್ಡಿಲ್ಲ.

ತಮ್ಮ ಮಿತಭಾಷಿ. ಆ ದಿನ ಮಾತ್ರ ಬೀದಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, ‘ನಿನಗೆ ವಯಸ್ಸಾಯ್ತು. ಕಣ್ಣು ಹೋಗಿದೆ. ಅಪ್ಪನ ಒಲೆ ಒಡೆಸಿದೆ. ಸೀಟಿ ಕೆಳಗಿಡು’ ಎಂದ. ಅವಳು ಕೊರಳಿನಿಂದ ಸೀಟಿಯ ದಾರ ಬಿಚ್ಚಿದಳು. ಸೀಟಿಯನ್ನು ತಂದು ಬೇಕರಿಯೊಳಗೆ, ಹಿಟ್ಟಿನ ಕಪಾಟಿನ ಪಕ್ಕದ ಮೊಳೆಗೆ ತೂಗುಹಾಕಿ ಮಹಡಿ ಹತ್ತಿದಳು. ಆ ಮಾತು ಅವಳ ಎದೆಗೆ ನಾಟಿತ್ತು. ತಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಆಮೇಲೆ ಅವನಿಗೆ ತಲೆ ಬಾಚಿ, ಗುಂಡಿ ಹಾಕಿ, ಶಾಲೆಗೆ ಕಳಿಸಿದ ಕೈ ಅವಳದ್ದು.

ಅಂದಿನಿಂದ ಅಕ್ಕತಮ್ಮನ ನಡುವೆ ಮಾತು ನಿಂತಿತು. ಇಬ್ಬರ ನಡುವೆ ಸಿಕ್ಕಿಕೊಂಡವಳು ತಮ್ಮನ ಹೆಂಡತಿ. ಮೂರೂ ಜನ ಒಂದೇ ಮೇಜಿನ ಸುತ್ತ ಕೂತಿದ್ದರೂ, ‘ಅವಳಿಗೆ ಬನ್ನು ಬೇಕಾ ಕೇಳು’ ಎಂದು ಇವನು, ‘ಅವನಿಗೆ ಕೆಮ್ಮಿದೆ, ಬಿಸಿನೀರು ಕುಡಿಯೋಕೆ ಹೇಳು’ ಎಂದು ಅವಳು. ‘ನನಗೂ ಒಂದು ಚೀಲ, ಒಂದು ಟೋಪಿ ಕೊಡಿಸಿಬಿಡಿ, ಅಂಚೆಯವಳು ಅಂತ ನಾಲ್ಕು ಜನ ಆದರೂ ಗೌರವ ಕೊಡ್ತಾರೆ’ ಎಂದು ಆಕೆ ಸಿಡುಕಿದರೂ ಇಬ್ಬರೂ ನಗಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಆಮೇಲೆ ಆ ಬಸ್ಸು ಬಂತು.

ಹನ್ನೆರಡು ಮೀಟರ್ ಉದ್ದದ ಪ್ರವಾಸಿ ಬಸ್ಸು. ಒಳಗೆ ಮೂವತ್ತೆಂಟು ನಿವೃತ್ತ ಶಿಕ್ಷಕರು. ಅವರಿಗೆ ಊರು ತೋರಿಸಲೆಂದು ಡ್ರೈವರು ಫೋನಿನ ನಕ್ಷೆ ನಂಬಿ, ದಕ್ಕೆಯಿಂದಾಚೆಗೂ ದಾರಿಯಿದೆ ಎಂದುಕೊಂಡು ಇಳಿಸಿಬಿಟ್ಟಿದ್ದ. ಇಳಿಯುವಾಗ ಬೇಕರಿಯ ಮೂಲೆಯನ್ನು ಹೇಗೆ ದಾಟಿತೋ, ಅವನಿಗೂ ಗೊತ್ತಿಲ್ಲ. ದಕ್ಕೆಯ ಇಳಿಜಾರಿನ ಕಲ್ಲಿನ ಮೇಲೆ ಹೋಗಿ ನಿಂತು ಎದುರಿಗೆ ಬರೀ ನೀರು ಕಂಡಾಗ ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಒಮ್ಮೆ ಹಿಂದಕ್ಕೆ ಪ್ರಯತ್ನಿಸಿದ. ಬೇಕರಿಯ ಹತ್ತಿರ ಬಾಲ ಮೂಲೆಯತ್ತ ವಾಲಿದ್ದು ನೋಡಿ ಜನ ಕೂಗಿಕೊಂಡರು. ಮತ್ತೆ ದಕ್ಕೆಗೇ ಇಳಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತ.

ಅಷ್ಟರಲ್ಲಿ ರಸ್ತೆ ಇಂಜಿನಿಯರು ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಕೈಯಲ್ಲಿ ಟೇಪು, ಜೇಬಲ್ಲಿ ಸೀಮೆಸುಣ್ಣ ಇದ್ದ ಮನುಷ್ಯರು. ಆ ದಿನ ಹುಣ್ಣಿಮೆಯ ಉಬ್ಬರ. ಎರಡು ಗಂಟೆಗೆ ನೀರು ದಕ್ಕೆಯ ಇಳಿಜಾರನ್ನು ಮುಳುಗಿಸುತ್ತದೆ, ಬಸ್ಸಿನ ಇಂಜಿನ್ನು ನೀರಿಗೆ ಹೋಗುತ್ತದೆ, ಡೀಸೆಲ್ಲು ಸಮುದ್ರಕ್ಕೆ. ಅವರು ಬೀದಿಯನ್ನು ಮೇಲಿಂದ ಕೆಳಗೆ ಅಳೆದರು. ಬೇಕರಿಯ ಮೂಲೆಯ ಮೇಲೆ ಸೀಮೆಸುಣ್ಣದಿಂದ ನೆಲದಿಂದ ತಲೆಯೆತ್ತರದವರೆಗೆ ಗೀಟೆಳೆದು, ‘ಇಷ್ಟು ಒಡೀಬೇಕು. ಒಂದು ಮೊಳ. ಹನ್ನೆರಡಕ್ಕೆ ಆಳುಗಳು ಬರ್ತಾರೆ. ನನಗೂ ಬೇಜಾರೇ, ಬೇರೆ ದಾರಿ ಇಲ್ಲ’ ಎಂದರು.

‘ಅದರ ಹಿಂದೆ ಒಲೆ ಇದೆ’ ಎಂದ ತಮ್ಮ.

‘ಗೊತ್ತು. ಪರಿಹಾರಕ್ಕೆ ಬರೀತೀನಿ.’

ತಮ್ಮ ಗೀಟನ್ನು ಒಮ್ಮೆ ನೋಡಿದ. ಒಳಗೆ ಹೋಗಿ ಒಲೆಯ ಮುಂದೆ ನಿಂತುಕೊಂಡ. ಒಲೆಯ ಬೆನ್ನನ್ನು ಒಂದು ಮೊಳ ಒಡೆದರೆ ಉಳಿಯುವುದು ಇಟ್ಟಿಗೆಯ ರಾಶಿ. ಅವರಪ್ಪನಂತೆ ಒಲೆ ಕಟ್ಟುವವರು ಈಗ ಯಾರೂ ಇಲ್ಲ.

ಮಹಡಿಯ ಕಿಟಕಿಯಿಂದ ಸೀಟಿಯಕ್ಕ ಎಲ್ಲ ನೋಡುತ್ತಿದ್ದಳು. ಬಸ್ಸು ಹಿಂದಕ್ಕೆ ಬಂದದ್ದು, ಬಾಲ ವಾಲಿದ್ದು, ಅದಕ್ಕಿಂತ ಹೆಚ್ಚಾಗಿ ಅದರ ಮೂತಿ ಹೋದ ಕಡೆ. ಡ್ರೈವರು ಕಟ್ಟೆಗೆ ಹೆದರಿ ಮೂತಿಯನ್ನು ಒಳಗೇ ಹಿಡಿದುಕೊಂಡಿದ್ದ. ಮೂತಿಗೆ ಹೊರಗೆ ಹೋಗಲು ಜಾಗ ಕೊಡದಿದ್ದರೆ ಬಾಲ ಮೂಲೆ ಬಿಟ್ಟು ಬರುವುದು ಹೇಗೆ? ಕಟ್ಟೆ ಗೇಣೆತ್ತರ. ಬಸ್ಸಿನ ಮುಂದಿನ ಚಕ್ರದಿಂದಾಚೆ ಚಾಚಿಕೊಂಡಿರುವ ಮೂತಿಯ ಹೊಟ್ಟೆ ಗೇಣಿಗಿಂತ ನಾಲ್ಕು ಬೆರಳು ಮೇಲಿದೆ. ಮೂತಿ ಕಟ್ಟೆಯ ಮೇಲೆ ಹಾದು ನೀರಿನ ಮೇಲೆ ನಿಲ್ಲಬಹುದು. ಇಪ್ಪತ್ತೆಂಟು ವರ್ಷ ಬಸ್ಸನ್ನು ಹಿಂದಿನಿಂದ ನೋಡಿದವಳಿಗೆ ಇದು ಹೊಳೆಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಕೆಳಗಿಳಿಯಲು ಮಾತ್ರ ಅರ್ಧ ಗಂಟೆ ಬೇಕಾಯಿತು. ಒಂದು ಇಂಚು ತಪ್ಪಿದರೆ ಅಪ್ಪನ ಒಲೆಯನ್ನು ಎರಡನೆಯ ಸಲ ಒಡೆಸಿದವಳು ಅವಳೇ. ಆಮೇಲೆ ಆ ಮನೆಯಲ್ಲಿ ಅವಳು ತಲೆಯೆತ್ತಿ ಓಡಾಡುವ ಹಾಗಿಲ್ಲ.

ಆದರೂ ಇಳಿದಳು. ಬೇಕರಿಯೊಳಗೆ ಹೋಗಿ ಮೊಳೆಯಿಂದ ಸೀಟಿ ತೆಗೆದಳು. ಆ ಕೋಣೆಯಲ್ಲಿ ಗಡಿಯಾರ, ಬಲ್ಬು, ಕ್ಯಾಲೆಂಡರು, ಬೆಕ್ಕಿನ ಮೀಸೆ, ಎಲ್ಲದರ ಮೇಲೂ ಹಿಟ್ಟಿನ ಧೂಳು ಕೂತಿರುತ್ತದೆ. ಸೀಟಿ ಮಾತ್ರ ಹೊಸದಾಗಿ ಕೊಂಡಂತೆ ಹೊಳೆಯುತ್ತಿತ್ತು. ಯಾರೋ ದಿನಾ ಒರೆಸಿದ್ದರು. ಒರೆಸಿದವನು ಒಲೆಯ ಕಡೆ ಮುಖ ಮಾಡಿ, ಬೆನ್ನು ತೋರಿಸಿಕೊಂಡು ನಿಂತಿದ್ದ. ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಬಂದಳು.

‘ಒಡೆಯೋದು ಬೇಡ’ ಎಂದಳು ಇಂಜಿನಿಯರಿಗೆ. ‘ನಾನು ಬಸ್ಸನ್ನ ಮೇಲಕ್ಕೆ ಕರೀತೀನಿ.’

ಇಂಜಿನಿಯರು ಅವಳ ಬಿಳಿಕೂದಲನ್ನೂ ಹವಾಯಿ ಚಪ್ಪಲಿಯನ್ನೂ ನೋಡಿದರು. ‘ಅಮ್ಮ, ಅಳತೆ ತಗೊಂಡಿದ್ದೀನಿ. ಹಿಡಿಯಲ್ಲ ಅದು.’

‘ನೀವು ಅಳೆದಿದ್ದು ಬೀದಿ. ಬೀದಿಯಾಚೆ ಇರೋ ಗಾಳಿಯನ್ನ ಅಳೆದ್ರಾ? ಬಸ್ಸಿನ ಮೂತಿ ಅಲ್ಲಿ ಹೋಗುತ್ತೆ.’

ಅವರು ಕಟ್ಟೆ ನೋಡಿದರು, ಬಸ್ಸಿನ ಹೊಟ್ಟೆ ನೋಡಿದರು, ಬಗ್ಗಿ ಟೇಪು ಹಿಡಿದರು. ಎದ್ದಾಗ ತಲೆ ಕೆರೆದುಕೊಳ್ಳುತ್ತಿದ್ದರು. ‘ಹನ್ನೆರಡರವರೆಗೆ ಟೈಮು’ ಎಂದರು. ಆಗ ಹನ್ನೊಂದೂಕಾಲು.

ಡ್ರೈವರು ದಪ್ಪಗೆ, ಒಳ್ಳೆಯ ಮನುಷ್ಯನಂತೆ ಕಾಣುತ್ತಿದ್ದ, ಬೆವರಿನಲ್ಲಿ ತೊಯ್ದಿದ್ದ. ‘ಎಡ ಬಲ ಸರಿಯಾಗಿ ಹೇಳಿ ಸಾಕಮ್ಮ’ ಎಂದ.

‘ಹಿಂದಕ್ಕೆ ಬರುವಾಗ ಗಾಬರಿಯಾದವನಿಗೆ ಎಡ ಬಲ ಅದಲುಬದಲಾಗುತ್ತೆ. ಸಮುದ್ರ ಅದಲುಬದಲಾಗಲ್ಲ. ಇಳಿ, ನನ್ನ ಜೊತೆ ನಡಿ.’

‘ನಡೆಯೋದಾ? ಟೈಮಿಲ್ಲ.’

‘ಇಳಿ ಅಂದೆ.’

ಮೂವತ್ತೆಂಟು ಶಿಕ್ಷಕರೆದುರು ಅವನನ್ನು ಕೆಳಗಿಳಿಸಿ, ಕೈ ಹಿಡಿದು, ದಕ್ಕೆಯಿಂದ ಹಿಮ್ಮುಖವಾಗಿಯೇ ನಡೆಸಿಕೊಂಡು ಹೊರಟಳು. ಅವನು ಎಡವಿದರೂ ಬಿಡಲಿಲ್ಲ. ದರ್ಜಿಯ ಉಪ್ಪರಿಗೆಯ ಕೆಳಗೆ ನಿಲ್ಲಿಸಿ ಮೇಲೆ ತೋರಿಸಿದಳು: ‘ಇದು ಗುಡ್ಡದ ಕಡೆ. ನಿನ್ನ ಬಸ್ಸಿನ ತಲೆ ಇದಕ್ಕೆ ತಾಗುತ್ತೆ, ಇಲ್ಲಿ ಸಮುದ್ರಕ್ಕೆ ಒತ್ತಿ ಬಾ.’ ಕ್ಷೌರಿಕನ ಮೆಟ್ಟಿಲನ್ನು ಅವನ ಕೈಯಿಂದಲೇ ಮುಟ್ಟಿಸಿದಳು: ‘ಇದೂ ಗುಡ್ಡ. ಮೂರು ಮೆಟ್ಟಿಲು, ಕೆಳಗಿನದ್ದು ಮುಂದಕ್ಕೆ ಚಾಚಿದೆ. ಮುಟ್ಟು, ನೆನಪಿರುತ್ತೆ.’ ಬಾಗಿಲಲ್ಲಿ ನಿಂತಿದ್ದ ಕ್ಷೌರಿಕ, ಅರ್ಧ ಬೋಳಿಸಿದ ಗಿರಾಕಿಯ ಸಮೇತ, ಡ್ರೈವರಿಗೆ ಸಲಾಮು ಹೊಡೆದ. ಹತ್ತು ವರ್ಷದಿಂದ ಆ ಹೆದ್ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ಡ್ರೈವರು, ಪಯಣಿಗರಿಗೆ ಕೈ ಚಾಚಿ ಕಿಟಕಿಯಿಂದಲೇ ತೋರಿಸುತ್ತಿದ್ದ ಈ ಊರನ್ನು ಕಾಲಲ್ಲಿ ನಡೆದು ನೋಡಿದ್ದು ಅದೇ ಮೊದಲು.

ಬೇಕರಿಯ ಮೂಲೆಯಲ್ಲಿ ಅವಳು ನಿಂತಳು. ಕಿಟಕಿ ತೆರೆದಿತ್ತು, ಒಳಗೆ ತಮ್ಮನ ಬೆನ್ನು ಕಾಣುತ್ತಿತ್ತು. ಅವಳು ಡ್ರೈವರಿಗೆ ಹೇಳಿದಳು, ಆದರೆ ದನಿ ಸ್ವಲ್ಪ ಏರಿತು.

‘ಹೋದ ವರ್ಷ ಇಲ್ಲಿ ಒಬ್ಬ ಮೂಲೆ ಒಡೆದ. ಅವನ ತಪ್ಪಲ್ಲ. ನನ್ನ ಕಣ್ಣಿನ ತಪ್ಪೂ ಅಲ್ಲ. ಅವನಿಗೆ ಸಮುದ್ರ ಕಾಣ್ತಿರಲಿಲ್ಲ, ನಾನು ಸಮುದ್ರಕ್ಕೆ ಅಂದೆ. ತೋರಿಸದೆ ಹೇಳಿದ್ದು ನನ್ನ ತಪ್ಪು. ಅದಕ್ಕೇ ನಿನ್ನನ್ನ ನಡೆಸ್ತಿದ್ದೀನಿ. ಈ ಗೋಡೆ ಮುಟ್ಟು. ಬಿಸಿ ಇದೆಯಾ? ಒಳಗೆ ನಮ್ಮಪ್ಪನ ಒಲೆ. ಇದು ಗುಡ್ಡ. ಈಗ ತಿರುಗಿ ನೋಡು, ಅದು ಸಮುದ್ರ. ನಿನ್ನ ಮೂತಿಯನ್ನ ಅಲ್ಲಿಗೆ ಬಿಡಬೇಕು. ನಿನ್ನ ಸೀಟಿನ ಕೆಳಗೆ ನೆಲ ಇರಲ್ಲ. ಚಕ್ರ ಮಾತ್ರ ನೆಲದ ಮೇಲೆ ಇರುತ್ತೆ, ಅದಕ್ಕೆ ನಾನಿದ್ದೀನಿ.’

ಡ್ರೈವರು ಗೋಡೆಯಿಂದ ಕೈ ತೆಗೆದ. ‘ಸೀಟಿ ಉದ್ದಕ್ಕೆ ಊದಿದ್ರೆ?’

‘ಆ ಕ್ಷಣವೇ ನಿಲ್ಲಿಸು.’

ಕಟ್ಟೆಯ ಮೇಲೆ ಹೂವಿನ ಕುಂಡಗಳಿದ್ದವು. ಬಂದವರು ಫೋಟೋ ತೆಗೆದುಕೊಳ್ಳಲಿ ಎಂದು ಊರವರು ಸಾಲಾಗಿ ಜೋಡಿಸಿ, ನೀಲಿ ಬಣ್ಣ ಬಳಿದು, ಪರಸ್ಪರ ಹೊಟ್ಟೆಕಿಚ್ಚುಪಟ್ಟು ಬೆಳೆಸಿದ ಇಪ್ಪತ್ತಾರು ಕುಂಡ. ‘ಎತ್ತಿ’ ಎಂದಳು ಸೀಟಿಯಕ್ಕ. ಶಿಕ್ಷಕರೆಲ್ಲ ಬಸ್ಸಿಳಿದು, ಮೈಮುರಿದು ಮುಂದೆ ಬಂದರು. ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಐದು ನಿಮಿಷದಲ್ಲಿ ಕಟ್ಟೆ ಬೋಳಾಯಿತು. ಒಬ್ಬ ಹಿರಿಯ ಮೇಷ್ಟರು ಕೊನೆಯ ಕುಂಡವನ್ನು ಮಗುವಿನಂತೆ ಎತ್ತಿಕೊಂಡೇ ನಿಂತರು. ಪ್ರವಾಸದಲ್ಲಿ ಅಷ್ಟು ದಿನ ಯಾರೂ ಅವರಿಗೆ ಕೆಲಸ ಕೊಟ್ಟಿರಲಿಲ್ಲ.

ಎರಡು ಚಿಕ್ಕ ಊದು. ಬಸ್ಸು ಗುರುಗುಟ್ಟಿತು.

‘ಸಮುದ್ರಕ್ಕೆ’ ಎಂದಳು. ದರ್ಜಿಯ ಉಪ್ಪರಿಗೆ ದಾಟಿತು, ದರ್ಜಿ ಮೇಲಿಂದ ‘ಒಂದು ಗೇಣು’ ಎಂದು ಕೂಗಿದ. ‘ಸಮುದ್ರಕ್ಕೇ ಇರು.’ ಕ್ಷೌರಿಕನ ಮೆಟ್ಟಿಲು ದಾಟಿತು, ‘ನಾಲ್ಕು ಬೆರಳು’ ಎಂದು ಅವನೂ ಅವನ ಗಿರಾಕಿಯೂ ಒಟ್ಟಿಗೆ ಕೂಗಿದರು. ಡ್ರೈವರು ಈಗ ಕನ್ನಡಿಯಲ್ಲಿ ಗೋಡೆ ಹುಡುಕುತ್ತಿರಲಿಲ್ಲ. ಕೈಯಲ್ಲಿ ಮುಟ್ಟಿದ ಗೋಡೆಗಳು ಎಲ್ಲಿವೆ ಎಂದು ಅವನಿಗೆ ಗೊತ್ತಿತ್ತು.

ಮೂಲೆ ಬಂತು. ಉದ್ದದ ಊದು. ಬಸ್ಸು ನಿಂತಿತು.

ಸೀಟಿಯಕ್ಕ ಬಾಲದ ಕಡೆಗೊಮ್ಮೆ, ಮೂತಿಯ ಕಡೆಗೊಮ್ಮೆ ನೋಡಿದಳು. ಅಷ್ಟರಲ್ಲಿ ಬೇಕರಿಯ ಬಾಗಿಲು ತೆರೆಯಿತು. ತಮ್ಮ ಹೊರಗೆ ಬಂದ. ಹಿಟ್ಟು ಮೆತ್ತಿದ ಕೈ ಒರೆಸಿಕೊಂಡಿರಲಿಲ್ಲ. ಯಾರ ಮುಖವನ್ನೂ ನೋಡದೆ ನಡೆದು ಬಂದು, ದಕ್ಕೆಯ ಕಡೆಯ ಗೋಡೆಗೆ, ಇಂಜಿನಿಯರು ಎಳೆದ ಗೀಟಿನ ಮೇಲೆ ಬೆನ್ನು ಕೊಟ್ಟು ನಿಂತು, ಬಲಗೈಯನ್ನು ಗೋಡೆಯ ಅಂಚಿಗೆ ಒತ್ತಿ ಅಂಗೈಯನ್ನು ಬಸ್ಸಿನ ಕಡೆಗೆ ತೆರೆದು ಹಿಡಿದ. ಬಸ್ಸು ಮೂಲೆಗೆ ತಾಗುವುದಾದರೆ ಮೊದಲು ಆ ಕೈಗೆ ತಾಗಬೇಕು.

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಇಂಜಿನಿಯರು ‘ಸರಿಯಪ್ಪ ಆಚೆ’ ಎಂದರು. ಅವನು ಸರಿಯಲಿಲ್ಲ.

ಸೀಟಿಯಕ್ಕ ಹೆಂಡತಿಯ ಕಡೆ ತಿರುಗಿ, ರೂಢಿಯಂತೆ, ‘ಅವನಿಗೆ ಕೈ ತೆಗೆಯೋಕೆ ಹೇಳು’ ಎಂದಳು.

ಹೆಂಡತಿ ಬಾಯಿ ತೆರೆಯುವ ಮೊದಲೇ ತಮ್ಮ ಅಕ್ಕನನ್ನು ನೆಟ್ಟಗೆ ನೋಡಿದ. ‘ತೆಗೆಯಲ್ಲ ಅಕ್ಕ. ನೀನು ಕರಿ’ ಎಂದ.

ಒಂದು ವರ್ಷದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಹಿಟ್ಟು ನಾದುವವನ ಬಲಗೈ, ಅವನಿಗೆ ಇದ್ದದ್ದೆಲ್ಲ ಆ ಕೈಯೇ. ಸೀಟಿಯಕ್ಕ ಸೀಟಿಯನ್ನು ಬಾಯಿಗಿಟ್ಟಳು. ಎರಡು ಸಲ ಊದಿದಳು.

‘ಸಮುದ್ರಕ್ಕೆ ಬಿಡು ಮೂತಿ. ಇನ್ನೂ. ಇನ್ನೂ ಬಿಡು, ನೀರು ನೋಡಬೇಡ.’ ಬಸ್ಸಿನ ಮೂತಿ ಕಟ್ಟೆಯನ್ನು ದಾಟಿ ಹೊರಟಿತು. ಡ್ರೈವರು ಕೂತ ಸೀಟು ನೀರಿನ ಮೇಲೆ ತೇಲುವಂತಾಯಿತು, ಕೆಳಗೆ ದೋಣಿಯಲ್ಲಿದ್ದವನೊಬ್ಬ ಅವನ ಪಾದಗಳ ಅಡಿಯಿಂದ ಮೇಲೆ ನೋಡಿದ. ಚಕ್ರ ಕಟ್ಟೆಗೆ ಒಂದು ಬೆರಳು ಇದೆ ಎನ್ನುವಾಗ, ‘ಈಗ ಗುಡ್ಡಕ್ಕೆ, ಪೂರ್ತಿ, ಕೈ ಬಿಡಬೇಡ’ ಎಂದಳು. ಬಾಲ ಮೇಲಿನ ಬೀದಿಗೆ ಹೊರಳಿತು. ಬಸ್ಸಿನ ಪಕ್ಕೆ ಮೂಲೆಯ ಒತ್ತಿನಲ್ಲೇ ಜಾರತೊಡಗಿತು. ತಮ್ಮನ ಅಂಗೈ ಅದರ ಮೇಲೆ ನಿಂತಿತ್ತು. ಬಸ್ಸು ಹಿಂದೆ ಹಿಂದೆ ಸರಿಯಿತು, ಕೈ ಗೋಡೆಯಲ್ಲೇ ಇತ್ತು. ಕಿಟಕಿಗಳು ಒಂದೊಂದಾಗಿ ದಾಟಿದವು, ಬಾಗಿಲು ದಾಟಿತು, ಮುಂದಿನ ಚಕ್ರ ದಾಟಿತು, ಕೊನೆಗೆ ನೀರಿನ ಮೇಲಿದ್ದ ಮೂತಿ ಕಟ್ಟೆಯಿಂದ ಈಚೆ ಬಂದು, ಅವನ ಮುಂದೆ ಹಾದು, ಬೀದಿಯೊಳಗೆ ನೆಟ್ಟಗಾಯಿತು.

‘ಎರಡು ಬೆರಳು’ ಎಂದ ತಮ್ಮ, ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸುತ್ತ. ‘ಒಂದು ಕೈ ದಪ್ಪ, ಅಲ್ಲಲ್ಲಿ ಅದರ ಮೇಲೆ ಎರಡು ಬೆರಳು.’

ಆಗ ಎದ್ದ ಗದ್ದಲಕ್ಕೆ ದಕ್ಕೆಯ ಹಕ್ಕಿಗಳೆಲ್ಲ ಹಾರಿದವು. ದರ್ಜಿ ಉಪ್ಪರಿಗೆಯಿಂದ ಬಟ್ಟೆ ಬೀಸಿದ. ಮೂವತ್ತೆಂಟು ಶಿಕ್ಷಕರು ಜೀವಮಾನದಲ್ಲಿ ಮಕ್ಕಳಿಗೆ ತಟ್ಟದಷ್ಟು ಚಪ್ಪಾಳೆ ತಟ್ಟಿದರು. ಸೀಟಿಯಕ್ಕ ಯಾರ ಕಡೆಗೂ ನೋಡದೆ ಬಸ್ಸಿನ ಹಿಂದೆಯೇ ಊದುತ್ತ ಹೆದ್ದಾರಿಯವರೆಗೆ ಹತ್ತಿದಳು. ಉಳಿದ ದಾರಿ ನೇರವಾಗಿತ್ತು, ಊದುವ ಅಗತ್ಯವೇ ಇರಲಿಲ್ಲ. ಆದರೂ ಊದಿದಳು, ಮನಸಾರೆ ಊದಿದಳು.

ಮೇಲೆ ಇಂಜಿನಿಯರು ಬಸ್ಸಿನ ಸುತ್ತ ಬಂದು ಗೀರು ಹುಡುಕಿದರು. ಪಕ್ಕೆಯಲ್ಲಿ, ಹಿಂದಿನ ತುದಿಯಿಂದ ಮುಂದಿನವರೆಗೆ, ಎದೆಯೆತ್ತರಕ್ಕೆ, ಅಲ್ಲಲ್ಲಿ ಕಡಿದುಹೋದ ಒಂದು ಬಿಳಿ ಗೆರೆ ಇತ್ತು. ಬೆರಳಿನಿಂದ ಒರೆಸಿ ಮೂಸಿದರು. ಹಿಟ್ಟು. ‘ಬೇರೆ ಗೀರಿಲ್ಲ’ ಎಂದು ಪುಸ್ತಕದಲ್ಲಿ ಬರೆದುಕೊಂಡು, ಆಳುಗಳಿಗೆ ಬರುವುದು ಬೇಡವೆಂದು ಫೋನು ಮಾಡಿದರು. ಡ್ರೈವರು ಕೆಳಗಿಳಿದು ಬಂದು ಸೀಟಿಯಕ್ಕನ ಎರಡೂ ಕೈ ಹಿಡಿದುಕೊಂಡ. ಮುಂದಿನ ಸಲ ಮೇಲೆಯೇ ಗಾಡಿ ನಿಲ್ಲಿಸಿ ನಡೆದೇ ಬರುತ್ತೇನೆ, ಕ್ಷೌರಿಕನ ಹತ್ತಿರ ಕ್ಷೌರ ಮಾಡಿಸಿಕೊಳ್ಳಬೇಕು ಎಂದ.

ಅವಳು ಇಳಿದು ಬರುವಾಗ ತಮ್ಮ ಒದ್ದೆ ಬಟ್ಟೆಯಿಂದ ಗೋಡೆಯ ಸೀಮೆಸುಣ್ಣ ಒರೆಸುತ್ತಿದ್ದ. ಒರೆಸಿದಷ್ಟೂ ಕೈಯ ಹಿಟ್ಟು ಮೆತ್ತಿ ಗೋಡೆ ಇನ್ನಷ್ಟು ಬೆಳ್ಳಗಾಗುತ್ತಿತ್ತು. ಅವನು ತಿರುಗದೆಯೇ, ‘ನಿನ್ನ ಕಣ್ಣು ಸರಿಯಾಗಿದೆ. ನಾನು ಅನ್ನಬಾರದಿತ್ತು’ ಎಂದ. ಸ್ವಲ್ಪ ತಡೆದು, ‘ಅಕ್ಕ, ಒಲೆಯಿಂದ ಬನ್ನು ತೆಗೀತೀನಿ, ಬಿಸಿ ಇದ್ದಾಗಲೇ ಬಾ’ ಎಂದ.

‘ಅಯ್ಯೋ, ನೇರವಾಗೇ ಹೇಳಿಬಿಟ್ರಲ್ಲ. ನನ್ನ ಅಂಚೆ ಕೆಲಸ ಹೋಯ್ತು’ ಎಂದಳು ಬಾಗಿಲಲ್ಲಿ ನಿಂತ ಅವನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

ಸೀಟಿಯಕ್ಕ ಬಾಗಿಲ ಕಡೆ ಹೆಜ್ಜೆಯಿಟ್ಟಳು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಒಂದು ಕೆಂಪು ಕಾರು ಬೀದಿಗಿಳಿಯುತ್ತಿತ್ತು, ಕಿಟಕಿಯಿಂದ ನಾಲ್ಕು ತಲೆಗಳು ಊರನ್ನು ಬೆರಗಾಗಿ ನೋಡುತ್ತಿದ್ದವು. ಅವಳು ಕಾರಿನ ಕಡೆ ಉದ್ದಕ್ಕೊಮ್ಮೆ ಊದಿ ಅದನ್ನು ನಿಲ್ಲಿಸಿದಳು. ‘ಅಲ್ಲೇ ಇರಿ, ಬನ್ನು ತಿಂದು ಬರ್ತೀನಿ’ ಎಂದು ಕೂಗಿ, ತಮ್ಮನ ಹಿಂದೆ ಒಳಗೆ ಹೋದಳು.